ಅರ್ಧ ಗಂಟೆಯ ಕಾವಲು

ಆ ಧ್ವನಿ ಸಂದೇಶದ ನಡುವೆ ಒಂದು ಕಡೆ ಕುಕ್ಕರಿನ ಸದ್ದು ಕೇಳಿಸುತ್ತದೆ. ಮೊದಲು ಉಗಿ ಸುಯ್ಯೆಂದು ಸೋರುತ್ತದೆ, ಸೀಟಿ ಬರುವುದಿಲ್ಲ. ಆಮೇಲೆ ಲೋಹಕ್ಕೆ ಲೋಹ ತಾಗಿದ ಹಾಗೆ ಟಕ್ ಟಕ್ ಎಂದು ಎರಡು ಪೆಟ್ಟು. ಅದಾದ ಮೇಲೆ ಸೀಟಿ. ಮಾತನಾಡುತ್ತಿರುವ ಗಂಡಸು ಇದಕ್ಕೆಲ್ಲ ನಿಲ್ಲುವುದಿಲ್ಲ. ಧ್ವನಿಯನ್ನು ಸೀಟಿಗಿಂತ ಮೇಲಕ್ಕೇರಿಸಿ ವಾಕ್ಯ ಮುಗಿಸುತ್ತಾರೆ.

ನಾನು ಅದನ್ನು ಮೊದಲು ಕೇಳಿದ್ದು ಪೊಳಲಿಯಿಂದ ಸ್ವಲ್ಪ ಒಳಗೆ, ಗದ್ದೆ ತೋಟಗಳ ನಡುವೆ ಹರಡಿದ ಮನೆಗಳ ಒಂದು ಬೈಲಿನಲ್ಲಿ, ಒಂದು ಮನೆಯ ಜಗಲಿಯ ಮುಂದೆ ಲಸಿಕೆಯ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಾಗ. ಕೊರೋನಾದ ಎರಡನೇ ಅಲೆ ಇಳಿಯುತ್ತಿತ್ತು. ನರ್ಸಿಂಗ್ ಪದವಿ ಮುಗಿಸಿದ ನಾನು ಬಂಟ್ವಾಳ ತಾಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೆ. ಮನೆ ಮೂಡುಬಿದಿರೆಯಲ್ಲಿ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ.

ಬೇಸಗೆಯಲ್ಲಿ ಲಸಿಕೆ ಸಾಕಾಗದೆ ಜನ ಟೋಕನ್‌ಗಾಗಿ ಜಗಳವಾಡಿದ್ದರು. ಮಳೆಗಾಲದಲ್ಲಿ ಲಸಿಕೆ ಬೇಕಾದಷ್ಟು ಬಂದಾಗ ಕೆಲವು ಬೈಲುಗಳಲ್ಲಿ ಜನ ಬರುವುದೇ ನಿಂತಿತು. ಒಂದು ಬಾಟಲಿಯಲ್ಲಿ ಹತ್ತು ಜನರಿಗೆ ಆಗುವಷ್ಟು ಮದ್ದು ಇರುತ್ತಿತ್ತು. ತೆರೆದ ಮೇಲೆ ನಾಲ್ಕು ಗಂಟೆ ಮಾತ್ರ ಬಳಸಬಹುದು, ಉಳಿದದ್ದನ್ನು ಎಸೆಯಬೇಕು. ಹಾಗಾಗಿ ಅಂಗನವಾಡಿಯ ಬೆಂಚಿನಲ್ಲಿ ಇಬ್ಬರೋ ಮೂವರೋ ಕೂತಿದ್ದರೆ ಬಾಟಲಿ ತೆರೆಯಲು ಕೈ ಬರುತ್ತಿರಲಿಲ್ಲ. ಕಾದು ಕಾದು ಅವರೂ ಎದ್ದು ಹೋಗುತ್ತಿದ್ದರು. ಕೊನೆಗೆ ನಾವೇ ಮನೆ ಮನೆಗೆ ಹೋಗತೊಡಗಿದೆವು, ನಾನು ಮತ್ತು ಅದೇ ಊರಿನ ಆಶಾ ಕಾರ್ಯಕರ್ತೆ.

ಆ ಮನೆಯ ಯಜಮಾನರಿಗೆ ಅರವತ್ತರ ಆಸುಪಾಸು. ಹಿಂದೆ ಬಸ್ ಓಡಿಸುತ್ತಿದ್ದವರು. ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಸಲ ಇನ್ನೂ ನಾಲ್ಕೈದು ರೋಗಿಗಳ ಜೊತೆ ಒಂದೇ ವ್ಯಾನಿನಲ್ಲಿ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಕೊರೋನಾ ಬಂದರೆ ಬದುಕುವುದು ಕಷ್ಟ ಎಂದು ನಾನು ಹೆದರಿದವರಲ್ಲಿ ಅವರೇ ಮೊದಲಿಗರು. ಅವರ ಹೆಂಡತಿ ಜಗಲಿಯ ಮೂಲೆಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು.

ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಹಿರಿಯರು ಹೆಣ್ಣುಮಕ್ಕಳನ್ನೂ ಮಗಾ ಎಂದೇ ಕರೆಯುತ್ತಾರೆ.

"ಬಾ ಮಗಾ, ಕೂತ್ಕೋ. ಸೂಜಿ ಆಮೇಲೆ ನೋಡುವ. ಮೊದಲು ಇದೊಂದು ಕೇಳು" ಎಂದು ಅವರು ಮೊಬೈಲನ್ನು ಜಗಲಿಯ ಕಟ್ಟೆಯ ಮೇಲಿಟ್ಟರು.

ಅದರೊಳಗಿನ ಮಾತು ಮಾತ್ರ ಕನ್ನಡದ್ದೇ, ಅಚ್ಚ ಕನ್ನಡ. "ಔಷಧವು ಹಿತವೇ ಆದರೆ ಅರ್ಧ ಗಂಟೆಯ ಕಾವಲು ಏಕೆ? ಮದುಮಗನನ್ನು ಮನೆಗೆ ಕರೆದವರು ಬಾಗಿಲಲ್ಲಿ ಬಡಿಗೆ ಹಿಡಿದು ನಿಲ್ಲುತ್ತಾರೆಯೇ? ಬಾಯಿ ತೆರೆದ ನಾಲ್ಕು ಗಂಟೆಗೆ ತನ್ನನ್ನೇ ತಾನು ಕಾಯ್ದುಕೊಳ್ಳಲಾರದ ವಸ್ತು ನಿನ್ನ ದೇಹವನ್ನು ಎಷ್ಟು ಕಾಲ ಕಾದೀತು?"

ಅಷ್ಟು ಹೊತ್ತಿಗೆ ಆ ಕುಕ್ಕರ್.

ಯಜಮಾನರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮುಗಿದ ಮೇಲೆ, "ಹೇಗುಂಟು? ಒಂದೇ ಒಂದು ಇಂಗ್ಲಿಷ್ ಶಬ್ದ ಉಂಟಾ ಇದರಲ್ಲಿ? ಇಷ್ಟು ಓದಿದವರು ಸುಮ್ಮನೆ ಹೇಳ್ತಾರಾ?" ಎಂದರು.

"ಅಲ್ಲ ಅಣ್ಣ, ಮೊನ್ನೆ ಸೂಜಿಯಲ್ಲಿ ಚಿಪ್ ಉಂಟು ಅಂದವನನ್ನು ನೀವೇ ಬೈದು ಓಡಿಸಿದ್ದಲ್ವಾ?" ಎಂದರು ಆಶಾ ಕಾರ್ಯಕರ್ತೆ.

"ಅದು ಮಂಗಗಳ ಮಾತು ಮಾರಾಯ್ತಿ. ನನ್ನ ಫೋನಿನಲ್ಲೇ ನೆಟ್‌ವರ್ಕ್ ಇಲ್ಲ, ಇನ್ನು ರಟ್ಟೆಯಲ್ಲಿ ಎಲ್ಲಿಂದ ಬರ್ಲಿಕ್ಕೆ? ಇದು ಹಾಗಲ್ಲ. ಇದು ಪ್ರಶ್ನೆ. ಪ್ರಶ್ನೆಗೆ ಉತ್ತರ ಬೇಕು."

ನಾನು ಉತ್ತರ ಕೊಟ್ಟೆ. ಯಾವ ಲಸಿಕೆಯಾದರೂ ಬಹಳ ಅಪರೂಪಕ್ಕೆ ಯಾರಿಗಾದರೂ ಒಗ್ಗದೆ ಹೋಗಬಹುದು, ಹಾಗೆ ಆದರೆ ಹೆಚ್ಚಾಗಿ ಆ ಅರ್ಧ ಗಂಟೆಯೊಳಗೇ ಗೊತ್ತಾಗುತ್ತದೆ, ಅದಕ್ಕೆ ಬೇಕಾದ ಇಂಜೆಕ್ಷನ್ ನಮ್ಮ ಕೈಯಲ್ಲೇ ಇರುತ್ತದೆ ಎಂದೆ. ಬಾಟಲಿಯ ಮುಚ್ಚಳಕ್ಕೆ ಸೂಜಿ ಹೋದ ಮೇಲೆ ಹೊರಗಿನ ಸೋಂಕು ತಾಗಬಹುದಾದ್ದರಿಂದ ನಾಲ್ಕು ಗಂಟೆಯ ಮಿತಿ ಎಂದೆ. ಎಲ್ಲವೂ ಸರಿಯಾದ ಮಾತು. ಹೇಳುತ್ತಾ ಹೋದ ಹಾಗೆ ನನ್ನ ಧ್ವನಿ ಸಣ್ಣದಾಗುತ್ತಿತ್ತು.

ಅವರು ನಕ್ಕರು. "ನಿಂದು ಆಫೀಸಿನ ಮಾತು ಮಗಾ. ಇದರ ಎದುರು ನಿಲ್ಲುವುದಿಲ್ಲ. ನನಗೆ ಸೂಜಿಯ ಹೆದರಿಕೆ ಅಂತ ಎಣಿಸ್ಬೇಡ. ಈ ಕೈ ನೋಡು, ವಾರಕ್ಕೆರಡು ಸಲ ಗೋಣಿ ಹೊಲಿಯುವ ಸೂಜಿ ಚುಚ್ಚಿಸಿಕೊಳ್ತೇನೆ."

ಹೊರಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಕೇಳಿದರು. "ಈ ಬೈಲಿನಲ್ಲಿ ಎಲ್ಲರ ಮೊಬೈಲಲ್ಲೂ ಇದೇ ಮೇಡಂ. ಯಾರದ್ದಿರಬಹುದು ಈ ಧ್ವನಿ?"

"ಗೊತ್ತಿಲ್ಲ" ಎಂದೆ.

ಜಗಲಿಯಲ್ಲಿದ್ದವರಿಗೂ ಕೇಳಿಸುವಷ್ಟು ಹತ್ತಿರದಲ್ಲಿ ನಿಂತು ಹಾಗೆ ಹೇಳಿದೆ. ಆದರೆ ಕುಕ್ಕರಿನ ತಲೆಗೆ ಸವುಟಿನ ಹಿಡಿಯಿಂದ ಎರಡು ಸಲ ತಟ್ಟುವವರು ನನ್ನ ಅಮ್ಮ. ಅಪ್ಪನದ್ದು ಮೂಡುಬಿದಿರೆಯಲ್ಲಿ ಪಾತ್ರೆ ಅಂಗಡಿ. ಊರಿನ ಕುಕ್ಕರುಗಳೆಲ್ಲ ಅಲ್ಲಿ ರಿಪೇರಿಯಾಗುತ್ತವೆ, ನಮ್ಮ ಮನೆಯದ್ದೊಂದು ಬಿಟ್ಟು. ಧ್ವನಿ ಅಪ್ಪನದೇ ಎಂದು ಮೊದಲ ವಾಕ್ಯದಲ್ಲೇ ಅನಿಸಿತ್ತು. ಬೇರೆ ಯಾರದ್ದಾದರೂ ಇರಬಹುದು ಎಂದು ಹಿಡಿದುಕೊಂಡಿದ್ದ ಆಸೆ ಆ ಎರಡು ಪೆಟ್ಟಿಗೆ ಹೋಯಿತು.

ಅಪ್ಪನಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಸಾಲಾಗಿ ಕೂತು ಪುರಾಣದ ಪಾತ್ರಗಳಾಗಿ ಮಾತಿನಲ್ಲೇ ಯುದ್ಧ ಮಾಡುವ ಕಲೆ ಅದು. ಅರ್ಥ, ಎಂದರೆ ಪಾತ್ರದ ಮಾತು, ಹೇಳುವವರು ಇಂದು ರಾಮನಾದರೆ ನಾಳೆ ರಾವಣ. ಯಾವ ಪಕ್ಷ ಸಿಕ್ಕಿದರೂ ಅದನ್ನು ಗೆಲ್ಲಿಸಬೇಕು. ಮಾತಿನ ನಡುವೆ ಇಂಗ್ಲಿಷ್ ಶಬ್ದ ಬಂದರೆ ಅದು ದೊಡ್ಡ ಅವಮಾನ. ಲಾಕ್‌ಡೌನಿನಲ್ಲಿ ಕೂಟಗಳು ನಿಂತಾಗ ಅಪ್ಪನ ಕೆಲವು ಸ್ನೇಹಿತರು ವಾಟ್ಸಾಪಿನಲ್ಲೇ ಕೂಟ ಶುರು ಮಾಡಿದ್ದರು. ನನಗೆ ಅಷ್ಟು ಗೊತ್ತಿತ್ತು. ಅವರು ಅಲ್ಲಿ ಏನು ಮಾತನಾಡುತ್ತಾರೆಂದು ನಾನು ಕೇಳಿದವಳಲ್ಲ.

ಆ ಸಂಜೆ ಮನೆಯಲ್ಲಿ, ಪೊಳಲಿಯ ಕಡೆ ಕೇಳಿದ ಸಂದೇಶದ ಬಗ್ಗೆ ವಿಚಾರಿಸಿದೆ. ಅಪ್ಪ ಮುಚ್ಚಿಡಲೇ ಇಲ್ಲ.

"ಓ, ಅದಾ? ಪುರಾಣ ಸಾಕು, ಈ ಸಲ ಲಸಿಕೆ ಬೇಕೋ ಬೇಡವೋ ಅಂತ ವಾದ ಮಾಡುವ ಅಂತಾಯ್ತು. ಚೀಟಿ ಎತ್ತಿದೆವು. ನನಗೆ ಬೇಡ ಬಂತು. ಬೇಕು ಅನ್ನುವ ಪಕ್ಷ ಪಾಣೆಮಂಗಳೂರಿನ ಬಟ್ಟೆ ಅಂಗಡಿಯವರಿಗೆ. ಬೆಳ್ತಂಗಡಿಯ ಮಾಸ್ಟ್ರು ತೀರ್ಪು ಹೇಳಿದ್ದು."

ಒಬ್ಬೊಬ್ಬರ ಮಾತೂ ಒಂದೊಂದು ಬೇರೆ ಸಂದೇಶ. ಯಾರೋ ಅಪ್ಪನದ್ದನ್ನು ಮಾತ್ರ ಎತ್ತಿ ಇನ್ನೊಂದು ಗುಂಪಿಗೆ ಕಳಿಸಿದ್ದರು. ಹೊರಗೆ ಹೋದದ್ದು ಒಂದು ಪಕ್ಷ ಮಾತ್ರ.

"ಮತ್ತೆ ಅವರು ಹೇಳಿದ ಉತ್ತರ?"

"ಅವರದ್ದು ಸ್ವಲ್ಪ ಸಪ್ಪೆಯಾಯ್ತು ಮಗಾ. ಅದನ್ನು ಯಾರು ಕಳಿಸ್ತಾರೆ?" ಎಂದವರು ತಡೆದು, "ಪೊಳಲಿವರೆಗೆ ಹೋಗಿದೆಯಾ? ಕುವೈಟಿನಿಂದಲೂ ಒಬ್ಬರು ನನಗೇ ಕಳಿಸಿದ್ರು, ಯಾರೋ ದೊಡ್ಡ ಪಂಡಿತರು ಮಾತಾಡಿದ್ದು ಕೇಳಿ ಅಂತ!" ಎಂದರು. ಮುಖದಲ್ಲಿ ಸಂತೋಷ ತಡೆಯಲಾಗುತ್ತಿರಲಿಲ್ಲ.

"ನನ್ನ ಕುಕ್ಕರೂ ಕುವೈಟಿಗೆ ಹೋಯ್ತಾ?" ಎಂದರು ಅಮ್ಮ ಅಡುಗೆಮನೆಯಿಂದ.

ನಾನು ಆ ಮನೆಯ ಯಜಮಾನರ ವಿಷಯ ಹೇಳಿದೆ. ಡಯಾಲಿಸಿಸ್, ವ್ಯಾನು, ಅವರು ಕಣ್ಣು ಮುಚ್ಚಿ ತಲೆದೂಗಿದ್ದು.

"ಕೌರವನ ಅರ್ಥ ಹೇಳಿದವನನ್ನು ಕೌರವ ಅಂತ ಯಾರಾದ್ರೂ ಹೇಳ್ತಾರಾ?" ಎಂದರು ಅಪ್ಪ. ಆದರೆ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಎದುರಿಗೆ ಭೀಮ ಕೂತಿದ್ದರೆ ಹೇಳುವುದಿಲ್ಲ ಅಪ್ಪ."

ನನ್ನನ್ನು ಹೆಚ್ಚು ಚುಚ್ಚುತ್ತಿದ್ದದ್ದು ಬೇರೆ. ಅಪ್ಪ ಎರಡೂ ಡೋಸ್ ಹಾಕಿಸಿಕೊಂಡಿದ್ದರು, ನಾನೇ ಕರೆದುಕೊಂಡು ಹೋಗಿದ್ದೆ. ಲಸಿಕೆಯ ನಂತರ ಕೂರಿಸುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರು ಒಂದೊಂದಾಗಿ ಕೇಳಿದ್ದರು. ಅರ್ಧ ಗಂಟೆ ಯಾಕೆ? ಉಳಿದದ್ದನ್ನು ಎಸೆಯುವುದು ಯಾಕೆ? ಅವರಿಗೆ ನನ್ನ ಕೆಲಸದಲ್ಲಿ ಆಸಕ್ತಿ ಬಂತಲ್ಲ ಎಂದು ಖುಷಿಯಿಂದ ಎಲ್ಲವನ್ನೂ ವಿವರಿಸಿದ್ದೆ. ಜಗಲಿಯಲ್ಲಿ ನಾನು ಕೊಟ್ಟ ಉತ್ತರಗಳೇ ಆವತ್ತೂ ಕೊಟ್ಟ ಉತ್ತರಗಳು. ಅವರು ಉತ್ತರಗಳನ್ನು ಬಿಟ್ಟು ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡಿದ್ದರು.

ಮರುದಿನ ಅಪ್ಪ ತಾವಾಗಿಯೇ ಇನ್ನೊಂದು ಸಂದೇಶ ಮಾಡಿದರು. ಹಿಂದಿನದ್ದು ಕೂಟದ ಮಾತು, ದಯವಿಟ್ಟು ಎಲ್ಲರೂ ಲಸಿಕೆ ಹಾಕಿಸಿಕೊಳ್ಳಿ, ನಾನೂ ಹಾಕಿಸಿಕೊಂಡಿದ್ದೇನೆ ಎಂದು. ಹೆಸರು ಮಾತ್ರ ಹೇಳಲಿಲ್ಲ. ಹೇಳಿ ಎಂದು ನಾನೂ ಒತ್ತಾಯಿಸಲಿಲ್ಲ. ಪಾತ್ರೆ ಅಂಗಡಿಯವರ ಮಾತಿನಿಂದ ಜನ ಲಸಿಕೆ ಬಿಟ್ಟರು, ಅವರ ಮಗಳೇ ಲಸಿಕೆ ಕೊಡುವವಳು ಎಂದು ಊರಿನ ಬಾಯಿಗೆ ಬೀಳುವುದು ನಮ್ಮಿಬ್ಬರಿಗೂ ಬೇಡವಾಗಿತ್ತು.

ನಾನು ಅದನ್ನು ಆಶಾ ಕಾರ್ಯಕರ್ತೆಗೆ ಕಳಿಸಿದೆ, ಅವರು ಬೈಲಿನ ಗುಂಪಿಗೆ ಹಾಕಿದರು. ಮುಂದಿನ ಭೇಟಿಯಲ್ಲಿ ಯಜಮಾನರು ನನ್ನನ್ನು ಕಂಡದ್ದೇ ತಡ ಶುರು ಮಾಡಿದರು.

"ಕೇಳಿದೆ, ಕೇಳಿದೆ. ಪಾಪ, ಅವರನ್ನು ಹಿಡಿದು ಹೇಳಿಸಿದ್ದಾರೆ. ಮೊದಲಿನದ್ದರಲ್ಲಿ ಗಂಗೆ ಹರಿದ ಹಾಗೆ ಮಾತು. ಇದರಲ್ಲಿ ಬರೆದುಕೊಟ್ಟದ್ದನ್ನು ಓದಿದ ಹಾಗೆ. ಒಳ್ಳೆ ಮನುಷ್ಯನ ಬಾಯಿ ಮುಚ್ಚಿಸಿದ್ರಲ್ಲ. ಹಾಗಾದ್ರೆ ಅವರು ಹೇಳಿದ್ದರಲ್ಲಿ ಏನೋ ಉಂಟು."

"ಯಾರು ಹಿಡಿದದ್ದು?" ಎಂದೆ.

"ಅದು ನಿಮಗೆ ಗೊತ್ತಿರ್ಬೇಕು. ನೀನು ಸರ್ಕಾರದವಳಲ್ವಾ?" ಎಂದು ನಕ್ಕರು. ನಗುವಿನಲ್ಲಿ ಕುಹಕವಿರಲಿಲ್ಲ, ಕನಿಕರವಿತ್ತು.

ಮೂಲೆಯಲ್ಲಿದ್ದ ಅವರ ಹೆಂಡತಿ ಬೀಡಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಆ ಮನೆಯಿಂದ ಮುಂದೆ ಯಾವ ಮನೆಯಲ್ಲೂ ಅಂದು ಬಾಟಲಿ ತೆರೆಯುವ ಅವಕಾಶ ಬರಲಿಲ್ಲ. ಪೆಟ್ಟಿಗೆಯನ್ನು ಹಾಗೆಯೇ ಆರೋಗ್ಯ ಕೇಂದ್ರಕ್ಕೆ ಮರಳಿಸಿ, ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು, ಅದರ ಬಾಗಿಲಿನ ಮಾಪಕದಲ್ಲಿ ಉಷ್ಣಾಂಶ ನೋಡಿ ಬಂದೆ. ಮಾಡುವ ಕೆಲಸವನ್ನೆಲ್ಲ ಸರಿಯಾಗಿ ಮಾಡುತ್ತಿದ್ದೆ. ಹೇಳಬೇಕಾದ ಒಂದು ಮಾತನ್ನು ಹೇಳಿರಲಿಲ್ಲ. ಎಲ್ಲರೂ ನಂಬಿದ್ದ ಆ ಮನುಷ್ಯ ಲಸಿಕೆ ಹಾಕಿಸಿಕೊಂಡದ್ದನ್ನು ಕಣ್ಣಾರೆ ನೋಡಿದವಳು ಆ ಬೈಲಿನ ಮಟ್ಟಿಗೆ ನಾನೊಬ್ಬಳೇ. ಅದನ್ನು ಹೇಳಬೇಕಾದರೆ ಆ ಮನುಷ್ಯ ಯಾರೆಂದೂ ಹೇಳಬೇಕಿತ್ತು.

ಹೀಗೆ ದಿನ ತಳ್ಳುತ್ತಿದ್ದಾಗ ಆಶಾ ಕಾರ್ಯಕರ್ತೆಯ ಫೋನ್ ಬಂತು. ಅದೇ ವ್ಯಾನಿನಲ್ಲಿ ಹೋಗುವ ಇನ್ನೊಬ್ಬ ರೋಗಿಗೆ ಪಾಸಿಟಿವ್ ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು.

"ನಮ್ಮ ಬೈಲಿನವರಿಗೆ?" ಎಂದೆ.

"ಎರಡು ಸಲ ಟೆಸ್ಟ್ ಮಾಡಿದ್ರು ಮೇಡಂ. ನೆಗೆಟಿವ್. ಈ ಸಲ ತಪ್ಪಿಸಿಕೊಂಡ್ರು. ವ್ಯಾನು ಮಾತ್ರ ಹೋಗ್ಲೇಬೇಕಲ್ಲ, ಬಿಡ್ಲಿಕ್ಕೆ ಆಗ್ತದಾ?"

ಅವರ ಟೆಸ್ಟ್ ಪಾಸಿಟಿವ್ ಆಗಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಬಹುಶಃ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದು ನನಗೆ ಸ್ಪಷ್ಟವಾಗಿ ಕಂಡಿತು, ಕಂಡದ್ದು ಇಷ್ಟವಾಗಲಿಲ್ಲ.

ಕೆಲಸ ಮುಗಿಸಿ, ಏಪ್ರನ್ ತೆಗೆದಿಟ್ಟು, ಪೆಟ್ಟಿಗೆ ಇಲ್ಲದೆ ಒಬ್ಬಳೇ ಆ ಮನೆಗೆ ಹೋದೆ. ಯಜಮಾನರು ಜಗಲಿಯಲ್ಲಿ ಮಲಗಿದ್ದರು. ಡಯಾಲಿಸಿಸ್ ಮುಗಿಸಿ ಬಂದ ದಿನ ಅವರಿಗೆ ಕೂರುವ ಶಕ್ತಿ ಇರುತ್ತಿರಲಿಲ್ಲ.

"ಆ ಮೊಬೈಲಿನಲ್ಲಿ ಮಾತಾಡಿದ್ದು ನನ್ನ ಅಪ್ಪ" ಎಂದೆ. ಬೇರೆ ಪೀಠಿಕೆ ನನಗೆ ತಿಳಿಯಲಿಲ್ಲ.

"ಯಾರು ಹೇಳಿಕೊಟ್ಟದ್ದು ನಿನಗೆ ಹೀಗೆ ಹೇಳ್ಲಿಕ್ಕೆ?" ಎಂದರು ಅವರು, ಏಳದೆ.

"ಯಾರೂ ಇಲ್ಲ. ಅದನ್ನು ಹಾಕಿ. ನಾಲ್ಕು ಗಂಟೆಯ ಮಾತಾದ ಮೇಲೆ ಒಂದು ಕುಕ್ಕರ್ ಉಂಟು. ಸೀಟಿಗಿಂತ ಮೊದಲು ಯಾರೋ ಎರಡು ಸಲ ತಟ್ಟುತ್ತಾರೆ."

ಅವರು ಹಾಕಲಿಲ್ಲ. ಹಾಕುವ ಅಗತ್ಯವಿರಲಿಲ್ಲ, ಅವರಿಗೆ ಅದು ಬಾಯಿಪಾಠವಾಗಿತ್ತು. ಮಲಗಿದಲ್ಲಿಂದಲೇ, "ಟಕ್ ಟಕ್" ಎಂದರು.

"ಅದು ನನ್ನ ಅಮ್ಮ. ಸವುಟಿನ ಹಿಡಿಯಲ್ಲಿ. ತಟ್ಟದಿದ್ದರೆ ನಮ್ಮ ಕುಕ್ಕರ್ ಕೂಗುವುದಿಲ್ಲ."

ಕೂಟದ ವಿಷಯ ಹೇಳಿದೆ. ಚೀಟಿ ಎತ್ತಿದ್ದು, ಎದುರು ಪಕ್ಷ ಇದ್ದದ್ದು, ಅಪ್ಪ ಎರಡೂ ಡೋಸ್ ಹಾಕಿಸಿಕೊಂಡದ್ದು, ಆ ಪ್ರಶ್ನೆಗಳಿಗೆ ಸರಕು ಒದಗಿಸಿದ್ದು ನಾನೇ ಎಂಬುದು. ಅವರು ನಿಧಾನಕ್ಕೆ ಎದ್ದು ಗೋಡೆಗೆ ಒರಗಿ ಕೂತರು.

"ತಾಳಮದ್ದಳೆಯಾ ಅದು?"

"ಹೌದು."

"ಮೂವತ್ತು ವರ್ಷ ಕೂಟ ಕೇಳಿದವ ನಾನು. ಬಸ್ ನಿಲ್ಲಿಸಿ ಕೇಳಿದ್ದೇನೆ. ಎದುರು ಅರ್ಥ ಕೇಳದೆ ಎದ್ದು ಹೋದವನಲ್ಲ. ಈಗ ಅರ್ಧ ಕೂಟ ಕೇಳಿ ಬೈಲಿಗೆಲ್ಲ ಹಂಚಿದೆನಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಆವತ್ತು ಇಲ್ಲೇ ನಿಂತಿದ್ದೆ."

"ಹೌದು."

"ಯಾರ ಧ್ವನಿ ಅಂತ ಆಶಾದವಳು ಕೇಳಿದ್ಲು. ಗೊತ್ತಿಲ್ಲ ಅಂದೆ. ನನಗೆ ಕೇಳಿಸಿದೆ."

"ಹೌದು" ಎಂದೆ.

ಅವರ ಹೆಂಡತಿ ಮೂಲೆಯಿಂದ ಮೊದಲ ಬಾರಿ ಮಾತನಾಡಿದರು. "ನಿನ್ನ ಅಪ್ಪನಿಗೆ ಮಾತ್ರ ನೀನೇ ಕರ್ಕೊಂಡು ಹೋಗಿ ಸೂಜಿ ಹಾಕಿಸಿದ್ದೀ. ನಮ್ಮವರು ಅವರ ಮಾತು ಕೇಳಿಕೊಂಡು ಕೂತ್ರು. ವ್ಯಾನಿನ ಸುದ್ದಿ ಬಂದ ದಿನ ನಾನು ಅನ್ನ ಬೇಯಿಸಲಿಲ್ಲ, ಗೊತ್ತುಂಟಾ?"

ಅವರು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಎಲೆ ಕತ್ತರಿಸುವ ಕತ್ತರಿ ಮತ್ತೆ ಶುರುವಾಯಿತು.

"ನಾಳೆ ನನಗೆ ಡಯಾಲಿಸಿಸ್ ಇಲ್ಲ. ಬಾ. ಅವರನ್ನೂ ಕರ್ಕೊಂಡು ಬಾ. ಆ ಧ್ವನಿ ಎದುರಿಗೆ ಕೇಳದೆ ನಾನು ಏನನ್ನೂ ನಂಬುವುದಿಲ್ಲ. ನಿನ್ನನ್ನಂತೂ ಅಲ್ಲ" ಎಂದರು ಯಜಮಾನರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ಅಲ್ಲಿ ಹೋಗಿ ನಾನು ಎಂತ ಮಾತಾಡುವುದು?"

"ಮಾತಾಡುವುದು ಬೇಡ ಅಪ್ಪ."

"ಹೆಲ್ಮೆಟ್ ಎರಡು ಉಂಟು" ಎಂದರು ಅಮ್ಮ.

ಮರುದಿನ ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು ಮೊದಲು ಆರೋಗ್ಯ ಕೇಂದ್ರಕ್ಕೆ ಹೋದೆ. ವೈದ್ಯಾಧಿಕಾರಿಯವರಿಗೆ ಎಲ್ಲವನ್ನೂ ಹೇಳಿ, ಮನೆಯಲ್ಲೇ ಲಸಿಕೆ ಕೊಡಲು ಒಪ್ಪಿಗೆ ಪಡೆದೆ. ಅವರು ಅಪ್ಪನನ್ನೂ ನನ್ನನ್ನೂ ಒಮ್ಮೆ ನೋಡಿ, ಕರೆದರೆ ಬರುವ ಹಾಗೆ ಜೀಪನ್ನು ಸಿದ್ಧವಾಗಿಡಲು ಹೇಳಿದರು. ಐಸ್ ಪ್ಯಾಕ್‌ಗಳನ್ನು ಅವುಗಳ ಮೇಲೆ ನೀರು ಒಸರುವ ತನಕ ಹೊರಗಿಟ್ಟೆ. ಇಲ್ಲವಾದರೆ ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಒಂದೇ ಒಂದು ಬಾಟಲಿ ಒಳಗಿಟ್ಟು ಪೆಟ್ಟಿಗೆ ಮುಚ್ಚಿದೆ. ದಾರಿಯುದ್ದಕ್ಕೂ ಅದನ್ನು ಅಪ್ಪ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಆಶಾ ಕಾರ್ಯಕರ್ತೆ ಅಂಗಳದಲ್ಲಿ ಕಾಯುತ್ತಿದ್ದರು. ಅಪ್ಪ ಅಂಗಳದ ಬದಿಯಲ್ಲೇ ನಿಂತರು, ಹೆಲ್ಮೆಟ್ ಕೈಯಲ್ಲಿ.

"ನೀವೇಯಾ?" ಎಂದರು ಯಜಮಾನರು ಜಗಲಿಯಿಂದ.

"ನಾನೇ" ಎಂದರು ಅಪ್ಪ.

ಅಷ್ಟೇ. ಯಜಮಾನರು ಕಣ್ಣು ಮುಚ್ಚಿ ಆ ಎರಡಕ್ಷರವನ್ನು ತೂಗಿದ ಹಾಗೆ ಕಂಡಿತು. ಆಮೇಲೆ ಅಂಗಿಯ ತೋಳು ಮಡಚಿದರು. "ಎದುರು ಅರ್ಥ ಹೇಳುವುದಿಲ್ಲವಾ?" ಎಂದು ಕೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದರು.

ಅವರು ಮಡಚಿದ್ದು ಎಡಗೈ. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಕೈ ಅದು, ಅದರಲ್ಲಿ ಬೇರೆ ಸೂಜಿ ಚುಚ್ಚಬಾರದು. ಬಲಗೈ ಕೊಡಿ ಎಂದೆ. ಬೇರೆ ಯಾರೂ ಬಂದಿರಲಿಲ್ಲ, ಬರುತ್ತಾರೆಂಬ ಭರವಸೆಯೂ ಇರಲಿಲ್ಲ. ಒಬ್ಬರಿಗಾಗಿ ಬಾಟಲಿಯ ಮುಚ್ಚಳ ತೆಗೆದೆ. ಅಲುಗಾಡಿಸದೆ ಅರ್ಧ ಎಂ.ಎಲ್. ಎಳೆದು, ಚುಚ್ಚಿ, ಹತ್ತಿ ಒತ್ತಿ ಹಿಡಿದೆ.

"ಇನ್ನು ಕಾವಲು" ಎಂದರು ಅವರು.

ಪಕ್ಕದಲ್ಲಿ ಕೂತೆ. ತುರ್ತಿನ ಇಂಜೆಕ್ಷನ್ ಇದ್ದ ಡಬ್ಬಿಯನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡೆ. ಅವರ ಹೆಂಡತಿ ಬೀಡಿಯ ಮೊರವನ್ನು ಬದಿಗೆ ಸರಿಸಿ ಗಂಡನ ಮುಖವನ್ನೇ ನೋಡುತ್ತಿದ್ದರು. ನಿಮಗೂ ಕೊಡಲೇ ಎಂದು ಆಶಾ ಕಾರ್ಯಕರ್ತೆ ಕೇಳಿದಾಗ, "ಅರ್ಧ ಗಂಟೆ ಆಗ್ಲಿ, ಮತ್ತೆ ನೋಡುವ" ಎಂದರು.

ಬಾಟಲಿಯಲ್ಲಿ ಇನ್ನೂ ಒಂಬತ್ತು ಜನರದ್ದು ಉಳಿದಿತ್ತು. ಅಪ್ಪ ಅಂಗಳದಲ್ಲಿ ನಿಂತೇ ಇದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಯಜಮಾನರ ಉಸಿರನ್ನು ನೋಡುತ್ತಾ ಆ ಅರ್ಧ ಗಂಟೆ ಪೂರ್ತಿ ಅಲ್ಲೇ ಕೂತಿದ್ದೆ.